ನಿಮಗಿದು ಗೊತ್ತೆ? ನೂರು ಡಿಗ್ರಿಗೇ ಆವಿಯಾಗುವ ಗಂಧದೆಣ್ಣೆ

ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ಗಂಧದ ಕೊರಡು ತೇಯ್ದರೆ ಮನೆಯೆಲ್ಲ ಘಮ್ಮೆನ್ನುತ್ತದೆ. ಆ ಪರಿಮಳದ ಮೂಲ ಮರದ ಚೇಗಿನಲ್ಲಿರುವ ಎಣ್ಣೆ. ಅದರ ಮುಖ್ಯ ಅಂಶ ಸ್ಯಾಂಟಲಾಲ್. ಇದು ಕುದಿಯಲು ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅಷ್ಟು ಕಾಯಿಸಿದರೆ ಮರದ ಪುಡಿಯೇ ಸೀದುಹೋಗುತ್ತದೆ, ಸುವಾಸನೆಯೂ ಕೆಡುತ್ತದೆ.

ಹಾಗಾದರೆ ಎಣ್ಣೆ ತೆಗೆಯುವುದು ಹೇಗೆ? ಪುಡಿಯ ಮೂಲಕ ನೀರಿನ ಹಬೆ ಹಾಯಿಸುತ್ತಾರೆ. ನೀರು, ಎಣ್ಣೆ ಒಂದರೊಳಗೊಂದು ಕರಗುವುದಿಲ್ಲ. ಹಾಗಾಗಿ ಎರಡರ ಆವಿಯ ಒತ್ತಡವೂ ಕೂಡಿಕೊಳ್ಳುತ್ತದೆ. ಈ ಮೊತ್ತ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದ ಕೂಡಲೇ ಮಿಶ್ರಣ ಕುದಿಯುತ್ತದೆ, ಅದೂ 100 ಡಿಗ್ರಿಗಿಂತ ತುಸು ಕಡಿಮೆ ಬಿಸಿಯಲ್ಲಿ! ರಸಾಯನಶಾಸ್ತ್ರದ ಇಷ್ಟು ಸೊಗಸಾದ ಉಪಾಯ ಇನ್ನೊಂದು ಸಿಗುವುದು ಕಷ್ಟ. ಹಬೆಯ ಜೊತೆ ಬರುವ ಎಣ್ಣೆ ಸ್ವಲ್ಪವೇ. ಅದಕ್ಕೇ ಭಟ್ಟಿ ದಿನಗಟ್ಟಲೆ ನಡೆಯಬೇಕು. ತಣಿಸಿದಾಗ ತಿಳಿಹಳದಿ ಎಣ್ಣೆ ನೀರಿನ ಮೇಲೆ ಪದರವಾಗಿ ತೇಲುತ್ತದೆ.

ಮೊದಲ ಮಹಾಯುದ್ಧದಿಂದ ಜರ್ಮನಿಗೆ ಗಂಧದ ಮರದ ರಫ್ತು ನಿಂತಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಇಲ್ಲೇ ಎಣ್ಣೆ ಇಳಿಸಿ ತೋರಿಸಿದರು. 1916ರಲ್ಲಿ ಮೈಸೂರು ಸಂಸ್ಥಾನ ಗಂಧದೆಣ್ಣೆ ಉದ್ಯಮಕ್ಕೆ ಕೈಹಾಕಿತು. ಮೈಸೂರ್ ಸ್ಯಾಂಡಲ್ ಸೋಪಿನ ಪರಿಮಳ ಈ ಎಣ್ಣೆಯದೇ.

ಮಲ್ಲಿಗೆಗೆ ಮಾತ್ರ ಹಬೆಯ ಶಾಖ ಒಗ್ಗದು. ಅದರ ಪರಿಮಳವನ್ನು ಹೆಕ್ಸೇನ್‌ನಂಥ ದ್ರಾವಕದಲ್ಲಿ ಕರಗಿಸಿ ತೆಗೆಯುತ್ತಾರೆ.