ಶಾಂತಲೆಯ ತಾಯಿಯ ಮನೆತನ

ವಿಷ್ಣುವರ್ಧನನ ಪಟ್ಟದ ರಾಣಿ ಶಾಂತಲೆಯ ಹೆಸರು ಕೇಳದ ಕನ್ನಡಿಗರು ಕಡಿಮೆ. ಆಕೆಯ ಗಂಡನ ವಂಶವೂ ನಮಗೆ ಗೊತ್ತು. ಸಳನಿಂದ ಹಿಡಿದು ಹೊಯ್ಸಳರ ಸಾಲನ್ನು ಶಾಲೆಯ ಮಕ್ಕಳೂ ಒಪ್ಪಿಸುತ್ತಾರೆ. ಆದರೆ ಶಾಂತಲೆ ಯಾರ ಮೊಮ್ಮಗಳು, ಅವಳ ಅಜ್ಜಿಯ ಹೆಸರೇನು, ಸೋದರಮಾವ ಯಾರು? ಇದಕ್ಕೆ ಉತ್ತರ ಬೇಕಾದವರು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬಂದು, ಗೊಮ್ಮಟನಿರುವ ದೊಡ್ಡಬೆಟ್ಟಕ್ಕೆ ಬೆನ್ನು ಮಾಡಿ, ಎದುರಿನ ಚಿಕ್ಕಬೆಟ್ಟ ಹತ್ತಬೇಕು. ಅಲ್ಲಿ ಗಂಧವಾರಣ ಬಸದಿಯ ಹತ್ತಿರ, ಮಗಳು ಸತ್ತ ಮೇಲೆ ಬದುಕಲು ಒಪ್ಪದ ಒಬ್ಬ ತಾಯಿಯ ಕಲ್ಲಿದೆ. ಶಾಂತಲೆಯ ತಾಯಿಯ ಕಡೆಯ ನಾಲ್ಕು ತಲೆಮಾರು ಸಿಕ್ಕಿದ್ದು ಆ ಕಲ್ಲಿನಲ್ಲಿ.

ಈಗ ನಮ್ಮ ಹಾಸನ ಸೀಮೆಯಲ್ಲಿ ಯಾರಾದರೂ ತಮ್ಮ ಹಿರೀಕರನ್ನು ಹುಡುಕಲು ಹೊರಟರೆ ಮೊದಲು ಕಾಲಿಡುವುದು ತಾಲ್ಲೂಕು ಕಚೇರಿಗೆ. ಪಹಣಿ ತೆಗೆಸುತ್ತಾರೆ, ಮ್ಯುಟೇಷನ್ ನೋಡುತ್ತಾರೆ. ಅಪ್ಪ ತೀರಿಕೊಂಡಾಗ ಮಕ್ಕಳ ಹೆಸರಿಗೆ ಆದ ಪೌತಿ ಖಾತೆ, ಅದಕ್ಕೆ ಹಿಂದಿನ ಪೌತಿ ಖಾತೆ ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ಮೈಸೂರು ಸಂಸ್ಥಾನದಲ್ಲಿ ಜಮೀನಿನ ಸರ್ವೆ ಶುರುವಾದದ್ದು 1863ರಲ್ಲಿ. ಕಾಗದದ ದಾರಿ ಬಹುಪಾಲು ಮನೆಗಳಿಗೆ ಆ ಕಾಲದ ಆಚೀಚೆ ನಿಂತುಹೋಗುತ್ತದೆ. ಹೊಳೆನರಸೀಪುರ, ಅರಕಲಗೂಡಿನ ಹಳ್ಳಿಗಳಲ್ಲಿ ಅದಕ್ಕೂ ಹಿಂದಿನದನ್ನು ಕೇಳಬೇಕಾದರೆ ಹೆಳವರು ಬರುವ ತನಕ ಕಾಯಬೇಕು. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು, ಜಗಲಿಯಲ್ಲಿ ಕೂತು, ಮೂಲಪುರುಷ ಯಾವ ಊರಿಂದ ಬಂದ, ಅವನಿಗೆ ಎಷ್ಟು ಮಕ್ಕಳು, ಯಾವ ಕವಲು ಎಲ್ಲಿ ನೆಲೆಸಿತು ಎಂದು ಹೇಳಿ, ಕಾಳುಕಡಿ ಪಡೆದು ಮುಂದಿನ ಮನೆಗೆ ಹೋಗುವ ಕುಲ ಅದು. ಆ ನೆನಪಿನ ಶಕ್ತಿಗೆ ನಾನು ಕೈಮುಗಿಯುತ್ತೇನೆ. ಆದರೂ ಎರಡು ಕಡೆಯೂ ಒಂದೇ ಕೊರತೆ: ಎಳೆ ಸಾಗುವುದು ಗಂಡುಮಕ್ಕಳ ಮೇಲೆ. ಕಚೇರಿಯ ಕಾಗದದಲ್ಲಿ ಗಂಡಸು ‘ಬಿನ್’ ಎಂದು ಅಪ್ಪನ ಹೆಸರಿಗೆ ಅಂಟಿಕೊಂಡಿರುತ್ತಾನೆ, ಹೆಂಗಸು ‘ಕೋಂ’ ಎಂದು ಗಂಡನ ಹೆಸರಿಗೆ. ಅವಳ ತಾಯಿ ಯಾರು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ. ಮುತ್ತಜ್ಜಿಯ ಹೆಸರು ಹೇಳಿ ಎಂದರೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗುವುದು ಈ ಕಾರಣಕ್ಕೆ.

ಚಿಕ್ಕಬೆಟ್ಟದ ಕಲ್ಲು ಇದಕ್ಕೆ ತೀರ ಹೊರತು. ಅದನ್ನು ಓದಿಸಿದ ಕತೆ ಬಿ. ಎಲ್. ರೈಸ್ ಅವರಿಂದ ಶುರುವಾಗುತ್ತದೆ. ಪಾದ್ರಿಯ ಮಗ, 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು, ಕೆಲಸ ವಿದ್ಯಾ ಇಲಾಖೆಯದು. ಶಾಲೆಗಳ ತನಿಖೆಗೆಂದು ಊರೂರು ಸುತ್ತುವಾಗ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತ ಅಕ್ಷರದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಸಂಸ್ಥಾನದ ಹಲವು ಶಾಸನಗಳ ಫೋಟೋ ತೆಗೆದಿದ್ದ. ಅವನ್ನು ಓದುವ ಕೆಲಸ ರೈಸ್ ಅವರ ಪಾಲಿಗೆ ಬಂತು, 1879ರಲ್ಲಿ ಅನುವಾದಗಳ ಒಂದು ಪುಸ್ತಕವೂ ಆಯಿತು. ಫೋಟೋ ನೋಡಿ ಓದುವುದು ಸಾಲದು, ಕಲ್ಲಿನ ಮೈಯನ್ನೇ ಕಾಗದಕ್ಕೆ ಇಳಿಸಬೇಕು ಎಂಬುದು ಬೇಗ ತಿಳಿಯಿತು. ಕಲ್ಲನ್ನು ಉಜ್ಜಿ ತೊಳೆದು, ಒದ್ದೆ ಕಾಗದ ಹೊದಿಸಿ, ಕುಂಚದಿಂದ ಬಡಿದು ಅಕ್ಷರದ ಕುಳಿಗಳಿಗೆ ಕೂರಿಸಿ, ಮೇಲೆ ಮಸಿ ಒತ್ತಿದರೆ ಪಡಿಯಚ್ಚು ಸಿಗುತ್ತದೆ. ಅದನ್ನು ಮನೆಗೆ ತಂದು ಪಂಡಿತರ ಜೊತೆ ಕೂತು ಸಾಲು ಬಿಡಿಸಬಹುದು. 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳು ಹೀಗೆ ಪುಸ್ತಕವಾದವು. ಹಾಸನ ಜಿಲ್ಲೆಯ ಉಳಿದ ಕಲ್ಲುಗಳು 1902ರ ಐದನೆಯ ಸಂಪುಟದಲ್ಲಿ ಬಂದವು. ಅದರಲ್ಲಿ ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಎಂದು ತಾಲ್ಲೂಕುವಾರು ನಂಬರು ಹಾಕಿದ್ದರಿಂದ ಇವತ್ತಿಗೂ ತಮ್ಮ ಹಳ್ಳಿಯ ಕಲ್ಲನ್ನು ಯಾರು ಬೇಕಾದರೂ ಹುಡುಕಿಕೊಳ್ಳಬಹುದು.

ರೈಸ್ ನಂತರ ಸಂಸ್ಥಾನದ ಪುರಾತತ್ವ ಇಲಾಖೆ ವಹಿಸಿಕೊಂಡವರು ‘ಕವಿಚರಿತೆ’ಯ ಆರ್. ನರಸಿಂಹಾಚಾರ್ಯರು. ಅವರು ಶ್ರವಣಬೆಳಗೊಳದ ಬಂಡೆ ಬಂಡೆಯನ್ನೂ ಮತ್ತೆ ನೋಡಿದರು. 1923ರ ಪರಿಷ್ಕೃತ ಸಂಪುಟದಲ್ಲಿ ಶಾಸನಗಳ ಸಂಖ್ಯೆ 500. ಹೊಸದಾಗಿ ಸೇರಿದವುಗಳಲ್ಲಿ ಯಾತ್ರಿಕರು ಬಂಡೆಯ ಮೇಲೆ ಕೊರೆಸಿಹೋದ ಬರಿಯ ಹೆಸರುಗಳೂ ಬಹಳ. ಅವನ್ನೂ ಬಿಡಬಾರದು ಎಂದು ಅವರಿಗೆ ತೋರಿದ್ದು ದೊಡ್ಡ ವಿಷಯ. ಮನೆತನದ ಎಳೆಗಳು ತಿಳಿಯಾದದ್ದು ಇಷ್ಟೊಂದು ಕಲ್ಲುಗಳು ಒಂದೇ ಪುಸ್ತಕದಲ್ಲಿ ಪಕ್ಕಪಕ್ಕ ಕೂತ ಮೇಲೆ.

ಈಗ ಆ ಕಲ್ಲಿಗೆ ಬರೋಣ. 1123ರಲ್ಲಿ ಶಾಂತಲೆ ಚಿಕ್ಕಬೆಟ್ಟದ ಮೇಲೆ ಶಾಂತಿನಾಥನ ಬಸದಿ ಕಟ್ಟಿಸಿದಳು. ಸವತಿಯರೆಂಬ ಆನೆಗಳ ನಡುವೆ ಮದಗಜದಂಥವಳು ಎಂಬ ಅವಳ ಬಿರುದಿನಿಂದಲೇ ಬಸದಿಗೆ ಗಂಧವಾರಣ ಎಂಬ ಹೆಸರಾಯಿತು. ಅದರ ಪೂಜೆಗೆ ಮೊಟ್ಟೆನವಿಲೆ ಎಂಬ ಊರನ್ನು ಬಿಟ್ಟಳು. ಎಂಟು ವರ್ಷದ ಮೇಲೆ, 1131ರಲ್ಲಿ, ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿಯಂದು ಅವಳು ಶಿವಗಂಗೆಯಲ್ಲಿ ತೀರಿಕೊಂಡಳು. ಸುದ್ದಿ ತಿಳಿದ ತಾಯಿ ಮಾಚಿಕಬ್ಬೆ, ಮಗಳು ಹೋದಮೇಲೆ ತಾನಿರಲಾರೆ ಎಂದು ಬೆಳಗೊಳಕ್ಕೆ ಬಂದಳು. ಗುರುಗಳ ಅಪ್ಪಣೆ ಪಡೆದು, ಒಂದು ತಿಂಗಳು ಅನ್ನ ಬಿಟ್ಟು, ಪಂಚನಮಸ್ಕಾರ ಜಪಿಸುತ್ತ ಸನ್ಯಸನದಿಂದ ದೇಹ ತೊರೆದಳು. ಕಲ್ಲು ನಿಂತಿದ್ದು ಇದರ ನೆನಪಿಗೆ.

ನಿಸಿಧಿ, ಅಂದರೆ ಹೀಗೆ ತೀರಿಕೊಂಡವರ ನೆನಪಿನ ಕಲ್ಲು, ಬರೆಸುವಾಗ ಸತ್ತವರು ಯಾರು ಎಂದು ಹೇಳಬೇಕಲ್ಲ. ರಾಣಿಯ ತಾಯಿ ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ಆ ಕಲ್ಲು ಮಾಚಿಕಬ್ಬೆಯನ್ನು ಅವಳದೇ ತವರಿನಿಂದ ಗುರುತಿಸಿತು. ನಾಗವರ್ಮ ದಂಡನಾಯಕ, ಅವನ ಹೆಂಡತಿ ಚಂದಿಕಬ್ಬೆ. ಅವರ ಮಗ ಬಲದೇವ, ಅವನ ಹೆಂಡತಿ ಬಾಚಿಕಬ್ಬೆ. ಅವರ ಮಗಳು ಮಾಚಿಕಬ್ಬೆ, ಅವಳ ತಮ್ಮ ಸಿಂಗಿಮಯ್ಯ. ಅವಳ ಗಂಡ ಪೆರ್ಗಡೆ ಮಾರಸಿಂಗಯ್ಯ, ಅವಳ ಮಗಳು ಶಾಂತಲೆ. ಪ್ರತಿ ತಲೆಮಾರಿನಲ್ಲೂ ಗಂಡನ ಪಕ್ಕದಲ್ಲಿ ಹೆಂಡತಿ ತನ್ನ ಹೆಸರಿನಿಂದಲೇ ನಿಂತಿದ್ದಾಳೆ. ಮಾರಸಿಂಗಯ್ಯ ಶಿವಭಕ್ತ, ಮಾಚಿಕಬ್ಬೆ ಜಿನಭಕ್ತೆ. ಒಂದೇ ಸೂರಿನಡಿ ಎರಡು ನಂಬಿಕೆ ನಡೆದುಕೊಂಡು ಬಂದ ಮನೆ ಅದು.

ಇಲ್ಲಿ ಹುಡುಕುವವರಿಗೆ ಒಂದು ತೊಡಕಿದೆ. ನಾಗ, ಬಲದೇವ, ಬೊಪ್ಪ, ಏಚ ಮುಂತಾದ ಹೆಸರುಗಳು ಆ ಬೆಟ್ಟದ ಮೇಲೆ ಮತ್ತೆ ಮತ್ತೆ ಬರುತ್ತವೆ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಮ್ಮ ರೂಢಿಯಿಂದ ಈಗಿನ ಪಹಣಿಯಲ್ಲೂ ಇದೇ ಗೋಜಲು. ಹೆಸರನ್ನು ಹಿಡಿದು ಹೊರಟರೆ ಬೇರೆ ಮನೆಗೆ ಹೊಕ್ಕುಬಿಡುತ್ತೇವೆ. ಪಹಣಿಯಲ್ಲಿ ಸರ್ವೆ ನಂಬರು ನಮ್ಮನ್ನು ಕಾಯುತ್ತದೆ: ಹೆಸರು ಒಂದೇ ಆದರೂ ಹೊಲ ಬೇರೆ. ಚಿಕ್ಕಬೆಟ್ಟದಲ್ಲಿ ಆ ಕೆಲಸ ಮಾಡುವುದು ಗುರುವಿನ ಹೆಸರು. ಶಾಂತಲೆಯ ಗುರು ಮೇಘಚಂದ್ರರ ಶಿಷ್ಯರಾದ ಪ್ರಭಾಚಂದ್ರ ಸಿದ್ಧಾಂತದೇವರು. ತಾಯಿ ಅನ್ನ ಬಿಡಲು ಅಪ್ಪಣೆ ಕೊಟ್ಟವರಲ್ಲೂ ಅವರಿದ್ದಾರೆ. ಯಾವ ಮನೆ ಯಾವ ಗುರುವಿಗೆ ನಡೆದುಕೊಳ್ಳುತ್ತಿತ್ತು ಎಂದು ಗುರುತಿಟ್ಟುಕೊಂಡರೆ ಒಂದೇ ಹೆಸರಿನ ಇಬ್ಬರು ಬೇರೆಯಾಗುತ್ತಾರೆ.

ಅದೇ ಕಾಲದಲ್ಲಿ, ಅದೇ ಬೆಟ್ಟದ ಮೇಲೆ ಇನ್ನೊಂದು ದೊಡ್ಡ ಮನೆತನ ಶುಭಚಂದ್ರ ಸಿದ್ಧಾಂತದೇವರಿಗೆ ನಡೆದುಕೊಳ್ಳುತ್ತಿತ್ತು. ತಲಕಾಡನ್ನು ಚೋಳರಿಂದ ಬಿಡಿಸಿದ ದಂಡನಾಯಕ ಗಂಗರಾಜನ ಮನೆ ಅದು. ಅವರ ವಂಶವೂ ಹೀಗೆ ಚೂರುಚೂರಾಗಿಯೇ ಸಿಕ್ಕಿತು. ಅಜ್ಜ ಮಾರ, ಅಜ್ಜಿ ಮಾಕಣಬ್ಬೆ, ಕೌಂಡಿನ್ಯ ಗೋತ್ರ. ಅಪ್ಪ ಏಚ, ತಾಯಿ ಪೋಚಿಕಬ್ಬೆ. ತಾಯಿಗಾಗಿ ಗಂಗರಾಜ ಕತ್ತಲೆ ಬಸದಿ ಕಟ್ಟಿಸಿದ. ಆಕೆ ಸಲ್ಲೇಖನ ಮಾಡಿ, ಅಂದರೆ ಅನ್ನ ಬಿಟ್ಟು, ತೀರಿಕೊಂಡಾಗ ನಿಸಿಧಿ ನಿಲ್ಲಿಸಿದ. ಎರಡುಕಟ್ಟೆ ಬಸದಿ ಅವನ ಹೆಂಡತಿ ಲಕ್ಷ್ಮಿಯದು. ಸ್ವಲ್ಪ ಕಾಲದಲ್ಲೇ ಅವಳಿಗೂ ನಿಸಿಧಿ ನಿಂತಿತು. ಬೂಚಣನ ಕಲ್ಲು, ದೇಮತಿಯ ಕಲ್ಲು ಓದಿದಾಗ ಅವರು ಲಕ್ಷ್ಮಿಯ ಒಡಹುಟ್ಟಿದವರು, ಅವರ ತಾಯಿ ನಾಗಲೆ ಎಂದು ತಿಳಿಯಿತು. ಬೀಗರ ಮನೆಯೂ ಬೆಳಕಿಗೆ ಬಂದದ್ದು ಹೀಗೆ. ಒಂದು ದಶಕದೊಳಗೆ ಆ ಮನೆಯಲ್ಲಿ ಎಷ್ಟು ಸಾವು ನಡೆದವು ಎಂದು ಕಲ್ಲುಗಳನ್ನು ಸಾಲಾಗಿ ಓದಿದವರಿಗೆ ಎದೆ ಭಾರವಾಗುತ್ತದೆ. ಗಂಗರಾಜ ಸತ್ತಾಗ ಮಗ ಬೊಪ್ಪ 1133ರಲ್ಲಿ ಹಳೇಬೀಡಿನಲ್ಲಿ ಪಾರ್ಶ್ವನಾಥನ ಬಸದಿ ಕಟ್ಟಿಸಿದ. ಒಂದು ಕುಟುಂಬದ ವಿವರ ಇಷ್ಟು ತುಂಬಿ ಬಂದಿರುವುದು ಆ ಸಾವುಗಳಿಂದಲೇ ಎಂದು ನನ್ನ ನಂಬಿಕೆ. ಬದುಕಿರುವ ತಾಯಿಯ ತಾಯಿ ಯಾರೆಂದು ಊರಿಗೆ ಬರೆದು ತೋರಿಸಬೇಕಾಗಿ ಬರುವುದಿಲ್ಲ, ಸತ್ತ ತಾಯಿಯ ಬಗ್ಗೆ ಬರೆಯಬೇಕಾಗುತ್ತದೆ.

ಬೇರೆ ನೆಲದಲ್ಲೂ ಹೀಗೇ ನಡೆದಿದೆ. ಅಮೆರಿಕದ ಕೆಂಟಕಿ, ಟೆನೆಸಿಯ ಕಾಡುಗಳಿಗೆ ಮೊದಲು ನುಗ್ಗಿ ನೆಲೆಸಿದವರ ಪೈಕಿ ಬರೆದಿಟ್ಟವರು ಕಡಿಮೆ. ಲೈಮನ್ ಡ್ರೇಪರ್ ಎಂಬಾತ 19ನೇ ಶತಮಾನದಲ್ಲಿ ಅವರ ಮಕ್ಕಳು ಮೊಮ್ಮಕ್ಕಳನ್ನು ಹುಡುಕಿಕೊಂಡು ಹೋಗಿ ಕೇಳಿ ಬರೆದುಕೊಂಡ. ಆ ಕಾಗದಗಳು ವಿಸ್ಕಾನ್ಸಿನ್‌ನಲ್ಲಿ ಉಳಿದಿವೆ. ಆದರೆ ಅಲ್ಲಿನ ಹೆಂಗಸರು ಕಾಣಿಸಿಕೊಳ್ಳುವುದು ಹೆಚ್ಚಾಗಿ ಪಿಂಚಣಿ ಅರ್ಜಿಗಳಲ್ಲಿ. ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಸಿಪಾಯಿಗಳ ವಿಧವೆಯರಿಗೆ 1836ರ ಕಾನೂನು ಪಿಂಚಣಿ ಕೊಟ್ಟಾಗ, ಮದುವೆಯಾದದ್ದಕ್ಕೆ ಸಾಕ್ಷಿ ಬೇಕೆಂದರು. ಮುಪ್ಪಾದ ಹೆಂಗಸರು ಮನೆಯ ಬೈಬಲಿನಲ್ಲಿ ಮಕ್ಕಳ ಹುಟ್ಟು ಬರೆದಿಟ್ಟಿದ್ದ ಹಾಳೆಯನ್ನೇ ಹರಿದು ಅರ್ಜಿಯ ಜೊತೆ ಕಳಿಸಿದರು. ಅಲ್ಲಿನ ಮೊಮ್ಮಕ್ಕಳು ಈಗ ಅಜ್ಜಿಯರನ್ನು ಗುರುತಿಸುವುದು ಆ ಹಾಳೆಗಳಿಂದ.

ಸಾವೊಂದೇ ಬರೆಸುತ್ತದೆ ಎಂದಲ್ಲ. ಗಡಿನಾಡಿನಲ್ಲಿ ಯುದ್ಧವೂ ನೆಲವೂ ಬರೆಸುತ್ತವೆ. ಅರಕಲಗೂಡು ಸೀಮೆಯನ್ನೂ ಕೊಡಗಿನ ಉತ್ತರ ಭಾಗವನ್ನೂ ಆಳಿದ ಕೊಂಗಾಳ್ವರ ಹುಟ್ಟೇ ಒಂದು ಬಹುಮಾನದಲ್ಲಿದೆ. ಪನಸೋಗೆಯ ಕಾಳಗದಲ್ಲಿ ಮೆರೆದ ಮನಿಜ ಎಂಬವನಿಗೆ ರಾಜರಾಜ ಚೋಳನ ಅಪ್ಪಣೆಯಂತೆ ಕ್ಷತ್ರಿಯಶಿಖಾಮಣಿ ಕೊಂಗಾಳ್ವ ಎಂದು ಪಟ್ಟ ಕಟ್ಟಿ, ಮಾಳವ್ವಿ ಎಂಬ ಊರು ಕೊಟ್ಟರು. ಆ ವಂಶದ ಅದಟರಾದಿತ್ಯ 1079ರಲ್ಲಿ ಬಸದಿಗೆ ಭೂಮಿ ಬಿಟ್ಟ ಶಾಸನ ಅರಕಲಗೂಡು ತಾಲ್ಲೂಕಿನದು. ಅದನ್ನು ಬರೆದ ನಕುಲಾರ್ಯ ನಾಲ್ಕು ಭಾಷೆಗಳಲ್ಲಿ ಬರೆಯಬಲ್ಲವನು ಎಂದು ಕಲ್ಲೇ ಹೇಳುತ್ತದೆ. ಇನ್ನು ಚನ್ನರಾಯಪಟ್ಟಣ ಮಗುವೊಂದು ಹುಟ್ಟಿದ ಗುರುತು. ಗೆಜೆಟಿಯರಿನಲ್ಲಿರುವ ಐತಿಹ್ಯದ ಪ್ರಕಾರ ಮೊದಲು ಕೊಳತೂರು ಎಂಬ ಅಗ್ರಹಾರವಾಗಿದ್ದ ಊರನ್ನು 1600ರ ಸುಮಾರಿಗೆ ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪ ನಾಯಕ ವಶಪಡಿಸಿಕೊಂಡು, ಚೆನ್ನರಾಯಸ್ವಾಮಿಯ ವರದಿಂದ ಹುಟ್ಟಿ ಅದೇ ಹೆಸರು ಪಡೆದ ಮಗನಿಗೆ ಕೊಟ್ಟ. ಅಪ್ಪನಿಗೆ ಹೆಸರಿದೆ, ಮಗನ ಹೆಸರಿನ ಊರೇ ಇದೆ. ಹೆತ್ತವಳ ಹೆಸರನ್ನು ಮಾತ್ರ ಆ ಕತೆ ಎತ್ತುವುದಿಲ್ಲ. ಮಾಚಿಕಬ್ಬೆಯ ಕಲ್ಲಿಗೂ ಇದಕ್ಕೂ ನಡುವೆ ಇರುವುದು ಒಂದೇ ತಾಲ್ಲೂಕು, ಸುಮಾರು ಐದು ಶತಮಾನ.

ಶಾಂತಲೆ ಶಿವಗಂಗೆಯಲ್ಲಿ ಹೇಗೆ ಸತ್ತಳು ಎಂಬುದರ ಸುತ್ತ ನಮ್ಮಲ್ಲಿ ಬಹಳ ಕತೆ ಬೆಳೆದಿದೆ. ಬೆಟ್ಟದಿಂದ ಧುಮುಕಿದಳು ಎನ್ನುವ ನಂಬಿಕೆ ಈಗಲೂ ಬಲವಾಗಿದೆ. ಶಾಸನ ಹೇಳುವುದು ಅವಳು ಅಲ್ಲಿ ಸ್ವರ್ಗಸ್ಥಳಾದಳು ಎಂದು ಮಾತ್ರ. ಅದಕ್ಕಿಂತ ಹೆಚ್ಚನ್ನು ಕಲ್ಲಿನ ಮೇಲೆ ಹೇರುವುದು ಆ ಮನೆಯವರಿಗೆ ಮಾಡುವ ಅನ್ಯಾಯ ಎಂದೇ ನನಗನಿಸುತ್ತದೆ. ಕಲ್ಲಿನಲ್ಲಿ ತುಂಬಿ ಬಂದಿರುವುದು ತಾಯಿಯ ಸಂಕಟ, ಅವಳ ಉಪವಾಸ, ಅವಳ ಹಿರಿಯರು. ಆ ಪದ್ಯಗಳನ್ನು ಬರೆದವನು ಬೋಕಿಮಯ್ಯ ಎಂಬ ಲೇಖಕ, ಚಾರುಕೀರ್ತಿದೇವರ ಶಿಷ್ಯ. ನೂರಾರು ಶಾಸನಗಳಲ್ಲಿ ಬರಹಗಾರನ ಹೆಸರು ಓದಿ ಮರೆತುಬಿಡುತ್ತೇವೆ. ಸಿ. ಕೆ. ನಾಗರಾಜರಾಯರು ಮರೆಯಲಿಲ್ಲ. ‘ಪಟ್ಟಮಹಾದೇವಿ ಶಾಂತಲದೇವಿ’ ಕಾದಂಬರಿಯಲ್ಲಿ ಅವರು ಶಾಂತಲೆಯನ್ನು ಹೆತ್ತವರ ಮನೆಯ ಪುಟ್ಟ ಹುಡುಗಿಯಾಗಿ ಮೊದಲು ತೋರಿಸಿದರು. ಅಪ್ಪ ಮಾರಸಿಂಗಯ್ಯ, ತಾಯಿ ಮಾಚಿಕಬ್ಬೆ, ಸೋದರಮಾವ ಸಿಂಗಿಮಯ್ಯ ಎಲ್ಲರೂ ಅಲ್ಲಿ ಮಾತಾಡುತ್ತಾರೆ. ಹುಡುಗಿಗೆ ಅಕ್ಷರ ಕಲಿಸುವ ಗುರು ಬೋಕಿಮಯ್ಯ.