ಹಿತ್ತಲ ಲಿಂಬೆ ಗಿಡ ಒಣಗುತ್ತಿದೆಯೇ? ಕೊಡಲಿ ಎತ್ತುವ ಮುನ್ನ ಬುಡ ನೋಡಿ



ನಮ್ಮ ಇಂಡಿ ತಾಲೂಕಿನ ಹೆಸರು ಹೇಳಿದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಲಿಂಬೆ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆ (ಜಿಐ) ಮಾನ್ಯತೆಯೂ ದೊರೆತಿದೆ. ನಾವು ಬೆಳೆಯುವುದು ಕಾಗಜಿ ಲಿಂಬೆ. ಸಿಪ್ಪೆ ಕಾಗದದಷ್ಟು ತೆಳುವಾದ್ದರಿಂದ ಈ ಹೆಸರು. ಉರ್ದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೋಟ ಇಲ್ಲದವರ ಹಿತ್ತಲಲ್ಲೂ ಒಂದು ಗಿಡ ಇದ್ದೇ ಇರುತ್ತದೆ. ಉಪ್ಪಿನಕಾಯಿಗೆ, ಬೇಸಿಗೆಯ ಶರಬತ್ತಿಗೆ, ನೆರೆಮನೆಗೆ ಕೊಡಲು ಅದೇ ಆಧಾರ.

ಆದರೆ ಐದಾರು ವರ್ಷ ಚೆನ್ನಾಗಿ ಕಾಯಿ ಬಿಟ್ಟ ಗಿಡ ಒಮ್ಮೆಲೇ ಎಲೆ ಹಳದಿ ಮಾಡಿಕೊಂಡು, ತುದಿಯಿಂದ ಒಣಗತೊಡಗುತ್ತದೆ. ಮನೆಯಲ್ಲಿ ಎರಡು ಮಾತು ಕೇಳುತ್ತವೆ. ಒಂದು, "ಯಾರದೋ ದೃಷ್ಟಿ ತಾಕೈತಿ." ದೃಷ್ಟಿ ತೆಗೆಯಲು ಕಟ್ಟುವ ಹಣ್ಣಿನ ಗಿಡಕ್ಕೇ ದೃಷ್ಟಿ ತಾಕುವುದು ಸೋಜಿಗವೇ ಸರಿ! ಇನ್ನೊಂದು, "ನೀರು ಸಾಲವಲ್ದು, ಇನ್ನೆರಡು ಕೊಡ ಹಾಕ್ರಿ." ಈ ಎರಡನೆಯ ಮಾತೇ ಎಷ್ಟೋ ಗಿಡಗಳನ್ನು ಕೊಲ್ಲುತ್ತದೆ.

ಕಾರಣ ಬುಡದಲ್ಲಿದೆ

ನಮ್ಮಲ್ಲಿ ಬಚ್ಚಲ ನೀರು ಹಿತ್ತಲಿಗೆ ಹರಿಯುತ್ತದೆ. ನೀರು ವ್ಯರ್ಥವಾಗಬಾರದೆಂದು ಅಲ್ಲಿಯೇ ಲಿಂಬೆ ಹಚ್ಚುತ್ತೇವೆ. ಉದ್ದೇಶ ಒಳ್ಳೆಯದು, ಜಾಗ ತಪ್ಪು. ಎರೆಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಸಾಬೂನು, ಸೋಡಾ ಪುಡಿಯಲ್ಲಿರುವ ಸೋಡಿಯಂ ಸೇರಿದರೆ ಮಣ್ಣಿನ ಕಣಗಳು ಚದುರಿ, ಮಣ್ಣು ಬಿಗಿದುಕೊಂಡು, ನೀರು ಇನ್ನೂ ನಿಧಾನ ಇಂಗುತ್ತದೆ. ಬೇರಿಗೆ ಗಾಳಿ ಸಿಗುವುದಿಲ್ಲ. ಆಗ ಫೈಟಾಫ್ತೊರ ಎಂಬ ಶಿಲೀಂಧ್ರದಂಥ ಜೀವಿ ಬೇರು ಮತ್ತು ಬುಡದ ತೊಗಟೆಯನ್ನು ಕೊಳೆಸುತ್ತದೆ. ಇದೇ ಅಂಟು ಸೋರುವ ರೋಗ. ಬೇರು ಕೊಳೆತ ಗಿಡ ನೀರು ಹೀರಲಾರದು, ಆದ್ದರಿಂದ ಹಸಿ ಮಣ್ಣಿನಲ್ಲಿ ನಿಂತೂ ಬಾಡುತ್ತದೆ. ನಾವು ಅದನ್ನು ನೀರಡಿಕೆ ಎಂದು ತಿಳಿದು ಮತ್ತೆ ನೀರು ಸುರಿಯುತ್ತೇವೆ.

ಗುರುತಿಸುವುದು ಹೇಗೆ?

ಬುಡದ ಮಣ್ಣು ಸರಿಸಿ ನೋಡಿ. ತೊಗಟೆ ಬಿರಿದು ಕಂದು ಅಂಟು ಸೋರಿದ್ದರೆ, ಒತ್ತಿದಾಗ ಮೆತ್ತಗಿದ್ದರೆ ಇದೇ ರೋಗ. ಬುಡ ಗಟ್ಟಿಯಾಗಿದ್ದು, ಎಳೆ ಎಲೆ ಮಾತ್ರ ಹಳದಿಯಾಗಿ ನರಗಳು ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಸುಣ್ಣದ ಅಂಶ ಹೆಚ್ಚಿರುವ ನೆಲದಲ್ಲಿ ಸಾಮಾನ್ಯ. ಎಲೆ, ಕಾಯಿಯ ಮೇಲೆ ಹಳದಿ ಅಂಚಿನ ಒರಟು ಕಂದು ಚುಕ್ಕೆಗಳಿದ್ದರೆ ಕಜ್ಜಿ ರೋಗ. ಅಂಥ ಟೊಂಗೆಗಳನ್ನು ಕತ್ತರಿಸಿ ಸುಡಬೇಕು.

ಚಿಕಿತ್ಸೆ

ಮೊದಲು ಬಚ್ಚಲ ನೀರನ್ನು ಬೇರೆಡೆ ತಿರುಗಿಸಿ. ಬಾಳೆ, ಕಾಬಾಳೆ ಗಿಡಗಳು ಅದನ್ನು ತಡೆದುಕೊಳ್ಳುತ್ತವೆ. ಲಿಂಬೆಯ ಬುಡದ ಸುತ್ತ ಮಣ್ಣು ತುಸು ಇಳಿಜಾರಾಗಿರಲಿ, ನೀರು ಕಾಂಡಕ್ಕೆ ತಾಗಬಾರದು. ಟೊಂಗೆಗಳ ನೆರಳು ಮುಗಿಯುವಲ್ಲಿ ಬಳೆಯಾಕಾರದ ಪಾತಿ ಮಾಡಿ ಅಲ್ಲಿ ನೀರು ಕೊಡಿ. ನೀರು ಹೀರುವ ಎಳೆ ಬೇರುಗಳು ಹೆಚ್ಚಾಗಿ ಹರಡಿರುವುದು ಕಾಂಡದಿಂದ ದೂರದಲ್ಲೇ. ಮೇಲಿನ ಮಣ್ಣು ಒಣಗಿದ ಮೇಲಷ್ಟೇ ಮತ್ತೆ ನೀರು. ಸಾಬೂನು ಬೆರೆಯದ ವುಜೂ ನೀರು, ಅಕ್ಕಿ ತೊಳೆದ ನೀರು ಈ ಪಾತಿಗೆ ಯೋಗ್ಯ.

ನಂತರ ಕೊಳೆತ ತೊಗಟೆಯನ್ನು ಚಾಕುವಿನಿಂದ ಆರೋಗ್ಯಕರ ಭಾಗ ಕಾಣುವವರೆಗೆ ಕೆರೆದು ಬೋರ್ಡೊ ಮುಲಾಮು ಹಚ್ಚಿ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಎರಡನ್ನೂ ಮೂರನೆಯ ಪ್ಲಾಸ್ಟಿಕ್ ಬಕೆಟ್‌ಗೆ ಸುರಿಯುತ್ತ ಕಲಕಿ. ನೆಲದಿಂದ ಎರಡು–ಮೂರು ಅಡಿ ಎತ್ತರದವರೆಗೆ ಬ್ರಶ್ಶಿನಿಂದ ಬಳಿಯಿರಿ. ಮಾಡಿದ ದಿನವೇ ಬಳಸಬೇಕು. ಮಳೆಗಾಲಕ್ಕೆ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ಹಚ್ಚಿದರೆ ಆರೋಗ್ಯವಂತ ಗಿಡಕ್ಕೂ ರಕ್ಷಣೆ. ಮೈಲುತುತ್ತ ವಿಷ, ಅಡುಗೆ ಪಾತ್ರೆ ಬಳಸಬೇಡಿ, ಮಕ್ಕಳಿಂದ ದೂರವಿಡಿ, ಕೈಗವಸು ಹಾಕಿ.

ಕಬ್ಬಿಣದ ಬಕೆಟ್ ಏಕೆ ಬೇಡ? ವಿಜ್ಞಾನ ವಿಭಾಗದವರಿಗೆ ಗೊತ್ತು: ಕಬ್ಬಿಣ ತಾಮ್ರವನ್ನು ಅದರ ಲವಣದಿಂದ ಹೊರದೂಡುತ್ತದೆ. ಇದೇ ಪರೀಕ್ಷೆಯೂ ಹೌದು. ತಯಾರಾದ ದ್ರಾವಣದಲ್ಲಿ ಹೊಳೆಯುವ ಚಾಕುವನ್ನು ಒಂದು ನಿಮಿಷ ಅದ್ದಿ. ಕೆಂಪು ಲೇಪ ಬಂದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸ್ವಲ್ಪ ಸುಣ್ಣ ಸೇರಿಸಿ.

ಈ ಮದ್ದಿನ ಕಥೆಯೂ ಸ್ವಾರಸ್ಯಕರ. ಫ್ರಾನ್ಸಿನ ಬೋರ್ಡೊ ಪ್ರದೇಶದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಈ ನೀಲಿ ದ್ರಾವಣ ಸಿಂಪಡಿಸುತ್ತಿದ್ದರು. ಆ ಬಳ್ಳಿಗಳಿಗೆ ಬೂಜು ರೋಗ ಬಾರದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ಇದನ್ನು ಮದ್ದೆಂದು ಪ್ರಕಟಿಸಿದರು. ವಿಜಯಪುರದ ದ್ರಾಕ್ಷಿ ಬೆಳೆಗಾರರು ಇಂದಿಗೂ ಇದನ್ನು ಬಳಸುತ್ತಾರೆ.

ಯಾವಾಗ ಕೈ ಬಿಡಬೇಕು?

ತೊಗಟೆ ಕಾಂಡದ ಸುತ್ತಲೂ ಕೊಳೆತಿದ್ದರೆ ಎಲೆಯ ಆಹಾರ ಬೇರಿಗೆ ಇಳಿಯುವ ದಾರಿಯೇ ಮುಚ್ಚಿದಂತೆ. ಆ ಗಿಡ ಉಳಿಯದು. ಅರ್ಧ ಸುತ್ತು ಗಟ್ಟಿಯಿದ್ದರೂ ಪ್ರಯತ್ನಿಸಿ. ಅನುಮಾನವಿದ್ದರೆ ಇಂಡಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ಒಂದು ಟೊಂಗೆ, ಬುಡದ ಫೋಟೊ ಒಯ್ದು ತೋರಿಸಿ. ಹೊಸ ಗಿಡ ಹಚ್ಚುವ ಮುನ್ನ ಒಂದು ಅಡಿ ಗುಂಡಿ ತೋಡಿ ನೀರು ತುಂಬಿ. ಮರುದಿನವೂ ನೀರು ನಿಂತಿದ್ದರೆ ಆ ಜಾಗ ಲಿಂಬೆಗಲ್ಲ.

ನೆಟ್ಟ ಗಿಡದ ಫಲವನ್ನು ಮನುಷ್ಯರು, ಹಕ್ಕಿ, ಪ್ರಾಣಿಗಳು ತಿಂದರೆ ಅದು ನೆಟ್ಟವನ ಪಾಲಿಗೆ ಸದಕಾ ಎಂದು ಪ್ರವಾದಿ ಮುಹಮ್ಮದ್ (ಸ) ಅವರು ಕಲಿಸಿದ್ದಾರೆ. ಅಜ್ಜ ನೆಟ್ಟ ಗಿಡವನ್ನು ಉಳಿಸುವುದು ಆ ಸದಕಾವನ್ನು ಮುಂದುವರಿಸಿದಂತೆ. ಈ ಶುಕ್ರವಾರ ಮನೆಗೆ ಹೋದಾಗ ಹಿತ್ತಲಿಗೆ ಹೋಗಿ ಬುಡದ ಮಣ್ಣು ಸರಿಸಿ ನೋಡಿ. ಹತ್ತು ನಿಮಿಷದ ಕೆಲಸ.