ಗೇಟು ಬಂದ್, ಗಡಿಯಾರ ಚಾಲೂ

ಬಂದರಿನಲ್ಲಿ ಸರಕು ಸಿಕ್ಕಿಬಿದ್ದರೆ ದಂಡ ತೆರುವವರು ಯಾರು? ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಮಾಲನ್ನು ಕಡಲು ದಾಟಿಸುವ ಕಸ್ಟಮ್ಸ್ ಬ್ರೋಕರ್ ಹಾಗೂ ಫಾರ್ವರ್ಡರ್‌ಗಳ ಸಂಕಟದ ಒಳನೋಟ

ಮುಧೋಳದ ಸಕ್ಕರೆ, ಮಹಾಲಿಂಗಪುರದ ಬೆಲ್ಲ, ತೇರದಾಳದ ಅರಿಶಿಣ, ಸಾವಳಗಿ ಸೀಮೆಯ ಒಣದ್ರಾಕ್ಷಿ, ಬೀಳಗಿಯ ಈರುಳ್ಳಿ. ಕೃಷ್ಣಾ, ಘಟಪ್ರಭೆಯ ನೀರುಂಡು ಬೆಳೆದ ಈ ಮಾಲಿಗೆ ಹೊರದೇಶದಲ್ಲೂ ಗಿರಾಕಿಗಳಿದ್ದಾರೆ. ಆದರೆ ಕಡಲು ದೂರ. ಕಂಟೈನರ್ ಹಡಗಿಗೆ ಮಾಲು ಏರಿಸಬೇಕೆಂದರೆ ಜಮಖಂಡಿಯಿಂದ ಹೊರಟ ಗಾಡಿ ಮಿರಜ, ಸಾಂಗಲಿ, ಕರಾಡ, ಸಾತಾರಾ, ಪುಣೆ ದಾಟಿ, ಖಂಡಾಳಾ ಘಾಟ್ ಇಳಿದು, ಪನವೇಲ್ ಆಚೆಯ ನ್ಹಾವಾ ಶೇವಾ ಬಂದರು ಮುಟ್ಟಬೇಕು. ನಾನೂರೈವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ.

ಆ ದಾರಿಯ ಕೊನೆಯಲ್ಲಿ ನಮ್ಮ ವ್ಯಾಪಾರಿಯ ಪರವಾಗಿ ಇಬ್ಬರು ನಿಂತಿರುತ್ತಾರೆ. ಒಬ್ಬರು ಕಸ್ಟಮ್ಸ್ ಬ್ರೋಕರ್. ಹಳಬರ ಬಾಯಲ್ಲಿ ಈಗಲೂ ಸಿಎಚ್‌ಎ. ಶಿಪ್ಪಿಂಗ್ ಬಿಲ್ ಸಲ್ಲಿಸಿ, ತಪಾಸಣೆ ಮಾಡಿಸಿ, ಮಾಲು ಹಡಗಿಗೆ ಹೋಗಲು ಕಸ್ಟಮ್ಸ್‌ನಿಂದ ಒಪ್ಪಿಗೆ ಪಡೆಯುವುದು ಅವರ ಕೆಲಸ. ಇನ್ನೊಬ್ಬರು ಫಾರ್ವರ್ಡರ್. ಹಡಗು ಕಂಪನಿಯಿಂದ ಜಾಗ ಹಿಡಿದು, ಖಾಲಿ ಕಂಟೈನರ್ ಕೊಡಿಸಿ, ಮಾಲು ಆಚೆ ದಡ ಸೇರುವವರೆಗೆ ಬೆನ್ನು ಹತ್ತುವವರು. ಎಲ್ಲವೂ ಸುಸೂತ್ರವಾಗಿ ನಡೆದಾಗ ಇವರ ಹೆಸರೂ ಯಾರಿಗೂ ನೆನಪಾಗುವುದಿಲ್ಲ. ಬಂದರು ಕಟ್ಟಿಕೊಂಡಾಗ ಮಾತ್ರ ಎಲ್ಲರ ಬೆರಳೂ ಇವರತ್ತ ತಿರುಗುತ್ತದೆ, ಬಿಲ್ಲೂ ಇವರ ಮೇಜಿಗೇ ಬಂದು ಬೀಳುತ್ತದೆ. ಯಾರ ತಪ್ಪಿಗೋ ಯಾರೋ ತೆರುವ ಈ ದಂಡದ ಲೆಕ್ಕ ನಮ್ಮ ನಾಲ್ಕು ತಾಲ್ಲೂಕಿನ ಗಳಿಕೆಯನ್ನೂ ತಿನ್ನುತ್ತಿದೆ.

ಖಾಲಿ ಕಂಟೈನರಿನಿಂದಲೇ ಶುರು

ಲೆಕ್ಕ ಶುರುವಾಗುವುದು ಮಾಲು ತುಂಬಿದ ಮೇಲಲ್ಲ, ಖಾಲಿ ಕಂಟೈನರ್ ಎತ್ತಿದ ದಿನ. ಹಡಗು ಕಂಪನಿ ತನ್ನ ಕಂಟೈನರ್ ಬಳಸಲು ಇಂತಿಷ್ಟು ದಿನ ಎಂದು ಬಾಡಿಗೆಯಿಲ್ಲದೆ ಕೊಡುತ್ತದೆ. ದಂಧೆಯವರ ಮಾತಿನಲ್ಲಿ ಅದು ‘ಫ್ರೀ ಡೇಸ್’. ಆ ಅವಧಿ ಮೀರಿದರೆ ದಿನಕ್ಕಿಷ್ಟು ಡಿಟೆನ್ಷನ್, ತಡ ಹೆಚ್ಚಿದಂತೆ ದರವೂ ಮೇಲಿನ ಹಂತಕ್ಕೆ ಏರುತ್ತದೆ.

ಬಂದರಿಗೆ ಹತ್ತಿರದ ಭಿವಂಡಿಯ ಗೋದಾಮಿನವರಿಗೆ ಖಾಲಿ ಕಂಟೈನರ್ ಬೆಳಗ್ಗೆ ಬಂದರೆ ಸಂಜೆಗೆ ತುಂಬಿ ವಾಪಸ್ ಹೋಗಬಹುದು. ಬೀಳಗಿಯವರಿಗೆ ಆ ಭಾಗ್ಯವಿಲ್ಲ. ಖಾಲಿ ಡಬ್ಬಿಯೇ ಘಟ್ಟ ಹತ್ತಿ ಬರಬೇಕು, ತುಂಬಿಕೊಂಡು ಮತ್ತೆ ಘಟ್ಟ ಇಳಿಯಬೇಕು. ಫ್ರೀ ಡೇಸ್‌ನ ದೊಡ್ಡ ಪಾಲು ಹೆದ್ದಾರಿಯಲ್ಲೇ ಕರಗುತ್ತದೆ. ಬೇಡವೆಂದು ಲಾರಿಯಲ್ಲೇ ಮಾಲು ಕಳಿಸಿ, ಬಂದರಿನ ಹತ್ತಿರದ ಸರಕು ನಿಲ್ದಾಣದಲ್ಲಿ ಕಂಟೈನರಿಗೆ ತುಂಬಿಸಬಹುದು. ಆಗ ಹಮಾಲಿ ಎರಡು ಸಲ, ಚೀಲ ಹರಿಯುವ ಭಯವೂ ಎರಡು ಸಲ. ಬೆಂಗಳೂರಿನವರಿಗೆ ವೈಟ್‌ಫೀಲ್ಡ್‌ನಲ್ಲಿ ಒಣ ಬಂದರು ಇದೆ. ಅಲ್ಲೇ ಕಸ್ಟಮ್ಸ್ ಕೆಲಸ ಮುಗಿಸಿ ಕಂಟೈನರನ್ನು ರೈಲಿಗೇರಿಸಬಹುದು. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಅಂಥದ್ದೊಂದೂ ಇಲ್ಲ. ಬಾಗಲಕೋಟೆ-ಕುಡಚಿ ರೈಲು ಮಾರ್ಗ ಮಂಜೂರಾದದ್ದು 2010-11ರಲ್ಲಿ. 142 ಕಿಲೋಮೀಟರಿನ ಆ ಮಾರ್ಗ ಪೂರ್ಣಗೊಂಡು ಜಮಖಂಡಿ ಸೀಮೆಯ ಸರಕನ್ನು ಹೊತ್ತೊಯ್ಯುವ ದಿನಕ್ಕೆ ಜನ ಇನ್ನೂ ಕಾಯುತ್ತಿದ್ದಾರೆ.

ಬಂದರು ಕಟ್ಟಿಕೊಳ್ಳುವುದು ಹೇಗೆ

ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟುವುದನ್ನು ನಮ್ಮವರು ಬಲ್ಲರು. ಮಿಲ್ಲು ಅರ್ಧ ದಿನ ನಿಂತರೆ ಸಾಲು ಊರಾಚೆಗೆ ಬೆಳೆಯುತ್ತದೆ, ಕಬ್ಬು ಒಣಗಿ ತೂಕ ಕಳೆದುಕೊಂಡರೆ ನಷ್ಟ ರೈತನದು. ಬಂದರಿನ ಕಥೆಯೂ ಹೀಗೆಯೇ. ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರು 2024-25ರಲ್ಲಿ ಇಪ್ಪತ್ತು ಅಡಿ ಕಂಟೈನರಿನ ಲೆಕ್ಕದಲ್ಲಿ ಸುಮಾರು 73 ಲಕ್ಷ ಕಂಟೈನರ್‌ಗಳನ್ನು ನಿರ್ವಹಿಸಿತು. ಅಷ್ಟು ದಟ್ಟಣೆಯ ಜಾಗದಲ್ಲಿ ಒಂದು ಕೊಂಡಿ ಸಡಿಲವಾದರೂ ಸಾಲು ಬೆಳೆಯುತ್ತದೆ.

ಆ ಕೊಂಡಿ ಎಲ್ಲಿ ಬೇಕಾದರೂ ಸಡಿಲವಾಗಬಹುದು. 2010ರ ಆಗಸ್ಟ್ 7ರಂದು ಮುಂಬೈ ಕಡಲಿನಲ್ಲಿ ಎಂಎಸ್‌ಸಿ ಚಿತ್ರಾ ಮತ್ತು ಖಲೀಜಿಯಾ ಹಡಗುಗಳು ಡಿಕ್ಕಿ ಹೊಡೆದು, ಕಂಟೈನರ್‌ಗಳು ನೀರಿಗೆ ಬಿದ್ದು ತೇಲತೊಡಗಿದಾಗ ಮುಂಬೈ ಮತ್ತು ನ್ಹಾವಾ ಶೇವಾದ ಹಡಗು ಸಂಚಾರ ದಿನಗಟ್ಟಲೆ ನಿಂತಿತು. 2017ರ ಜೂನ್ ಕೊನೆಯಲ್ಲಿ ಮರ್ಸ್ಕ್ ಕಂಪನಿಯ ಕಂಪ್ಯೂಟರ್‌ಗಳ ಮೇಲೆ ಸೈಬರ್ ದಾಳಿ ನಡೆದಾಗ, ಅದೇ ಸಮೂಹದ ನ್ಹಾವಾ ಶೇವಾ ಟರ್ಮಿನಲ್ಲಿನ ಕೆಲಸ ಕುಸಿಯಿತು. 2021ರ ಮಾರ್ಚ್ 23ರಂದು ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಲುಕಿ ಆರು ದಿನ ದಾರಿ ಮುಚ್ಚಿತು. 2023ರ ನವೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಹೂತಿ ಬಂಡುಕೋರರ ದಾಳಿ ಶುರುವಾದ ಬಳಿಕ ಯುರೋಪಿಗೆ ಹೋಗುವ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಿ ಹೋಗಬೇಕಾಯಿತು. ಹತ್ತರಿಂದ ಹದಿನಾಲ್ಕು ದಿನ ಹೆಚ್ಚಿಗೆ ಹಿಡಿಯಿತು. ವಾರವಾರ ಒಂದೊಂದಾಗಿ ಬರಬೇಕಿದ್ದ ಹಡಗುಗಳು ತಡವಾಗಿ, ಒಟ್ಟೊಟ್ಟಿಗೇ ಬಂದವು. 2024ರ ಬೇಸಿಗೆಯಲ್ಲಿ ಸಿಂಗಪುರ, ಕೊಲಂಬೊ ಬಂದರುಗಳು ತುಂಬಿ ತುಳುಕಿದ್ದಕ್ಕೆ ಇದೂ ಕಾರಣ. ದೂರದ ಜಲಸಂಧಿಯಲ್ಲಿ ನಡೆದದ್ದು ರಬಕವಿಯ ವ್ಯಾಪಾರಿಯ ಬಿಲ್ಲಿಗೆ ತಲುಪುವುದು ಈ ದಾರಿಯಲ್ಲೇ.

ಪ್ರತಿ ಹಡಗಿಗೂ ಒಂದು ‘ಕಟಾಫ್’ ಇರುತ್ತದೆ. ಅಷ್ಟರೊಳಗೆ ಕಂಟೈನರ್ ಬಂದರಿನ ಗೇಟು ದಾಟಬೇಕು. ಹಡಗು ತಡವಾದರೆ ಗೇಟು ತೆರೆಯುವ ದಿನವೂ ಮುಂದೆ ಹೋಗುತ್ತದೆ. ಆದರೆ ಗಾಡಿ ಅಷ್ಟರಲ್ಲಿ ಪನವೇಲ್ ದಾಟಿರುತ್ತದೆ. “ಸರ, ಗೇಟ್ ಬಂದ್ ಮಾಡ್ಯಾರ, ಗಾಡಿ ಲೈನ್‌ನ್ಯಾಗ ಐತಿ, ಏನ್ ಮಾಡ್ಲಿ?” ಎಂದು ನಡುರಾತ್ರಿ ಚಾಲಕನ ಫೋನು. ಬೆಳಗಾದರೆ ಊರಿನಿಂದ, “ನಮ್ಮ ಮಾಲು ಹಡಗ ಹತ್ತೇತೇನ್ರಿ?” ಎಂಬ ವಿಚಾರಣೆ. ನಿಂತ ಗಾಡಿಗೆ ಹಾಲ್ಟಿಂಗ್, ಇಳಿಸಿಟ್ಟ ಕಂಟೈನರಿಗೆ ನೆಲಬಾಡಿಗೆ, ಮೇಲೆ ಡಿಟೆನ್ಷನ್. ಕೊನೆಗೆ ಹಡಗಿನಲ್ಲಿ ಜಾಗವಿಲ್ಲವೆಂದು ಕಂಟೈನರನ್ನು ಮುಂದಿನ ಹಡಗಿಗೆ ದೂಡಿದರೆ ಅದು ‘ರೋಲ್‌ಓವರ್’. ಮುಂದಿನ ಹಡಗಿನ ಬಾಡಿಗೆ ಏರಿದ್ದರೆ ವ್ಯಾಪಾರಿ ಹಳೆಯ ದರವನ್ನೇ ಕೇಳುತ್ತಾರೆ, ಹಡಗಿನವರು ಹೊಸ ದರ ಕೇಳುತ್ತಾರೆ. ನಡುವಿನ ಅಂತರ ಫಾರ್ವರ್ಡರ್‌ನ ಕೈಯಿಂದ ಹೋಗುತ್ತದೆ.

ಬೆಲ್ಲ ಕಾಯುವುದಿಲ್ಲ

ಬೆಲ್ಲ ತುಂಬುವ ಕೆಲಸ ಬಲ್ಲವರು ಖಾಲಿ ಕಂಟೈನರ್ ಬಂದ ಕೂಡಲೇ ಪೆಟ್ಟಿಗೆ ಎತ್ತುವುದಿಲ್ಲ. ಮೊದಲು ಒಬ್ಬರು ಒಳಗೆ ಹೋಗಿ ನಿಲ್ಲುತ್ತಾರೆ, ಹೊರಗಿನವರು ಬಾಗಿಲು ಮುಚ್ಚುತ್ತಾರೆ. ಕತ್ತಲಲ್ಲಿ ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಕಂಡರೆ ಅಲ್ಲಿ ತೂತಿದೆ, ಮಳೆನೀರು ಇಳಿಯುತ್ತದೆ ಎಂದರ್ಥ. ಹಾಗಿದ್ದರೆ ಆ ಕಂಟೈನರ್ ಬೇಡ. ಸರಿಯಿದ್ದರೆ ಗೋಡೆಗೆ ದಪ್ಪ ಕಾಗದ ಹೊದಿಸಿ, ತೇವ ಹೀರುವ ಚೀಲಗಳನ್ನು ಮೇಲಿನಿಂದ ನೇತುಹಾಕಿ, ಪೆಟ್ಟಿಗೆಗಳನ್ನು ಒಟ್ಟಿ, ಬಾಗಿಲಿಗೆ ಬೋಲ್ಟ್ ಸೀಲ್ ಜಡಿಯುತ್ತಾರೆ. ತೂಕದ ಚೀಟಿಯೂ ಬೇಕು. 2016ರ ಜುಲೈ 1ರಿಂದ ತುಂಬಿದ ಕಂಟೈನರಿನ ದೃಢೀಕೃತ ತೂಕವಿಲ್ಲದೆ ಜಗತ್ತಿನ ಯಾವ ಹಡಗೂ ಅದನ್ನು ಹತ್ತಿಸಿಕೊಳ್ಳುವಂತಿಲ್ಲ.

ಇಷ್ಟೆಲ್ಲ ಜೋಪಾನ ಮಾಡಿದ ಬೆಲ್ಲ ಮಳೆಗಾಲದ ಕಡಲ ದಂಡೆಯಲ್ಲಿ ಬಿಸಿಲು-ಮಳೆಗೆ ಸಿಕ್ಕು ನಿಂತರೆ? ಹಗಲು ಕಬ್ಬಿಣದ ಡಬ್ಬಿ ಕಾಯುತ್ತದೆ, ರಾತ್ರಿ ತಣ್ಣಗಾಗಿ ಒಳಮಾಡಿನಿಂದ ಹನಿ ತೊಟ್ಟಿಕ್ಕುತ್ತದೆ. ನೇತುಹಾಕಿದ ಚೀಲಗಳು ತಮ್ಮ ಪಾಲಿನ ತೇವ ಕುಡಿದು ಮುಗಿಸಿದ ಮೇಲೆ ಬೆಲ್ಲ ನೀರು ಬಿಡುತ್ತದೆ, ಬಣ್ಣ ಕಪ್ಪಿಡುತ್ತದೆ. ಹೊರದೇಶದ ಖರೀದಿದಾರ ಬಣ್ಣ ನೋಡಿ ದರ ಕಡಿಮೆ ಮಾಡುತ್ತಾನೆ. ಗಾಣದವರ ತಿಂಗಳ ಶ್ರಮಕ್ಕೆ ಅಲ್ಲೇ ಪೆಟ್ಟು.

ಬ್ಯಾಂಕಿನ ಗಡುವು ಬೇರೆ. ಖರೀದಿದಾರನ ಬ್ಯಾಂಕು ಹಣಕ್ಕೆ ಖಾತ್ರಿ ಕೊಡುವ ಲೆಟರ್ ಆಫ್ ಕ್ರೆಡಿಟ್‌ನಲ್ಲಿ ಮಾಲು ಇಂಥ ದಿನದೊಳಗೆ ಹಡಗೇರಬೇಕೆಂದು ಬರೆದಿರುತ್ತದೆ. ಹಡಗೇರಿದ ದಿನ ಬಿಲ್ ಆಫ್ ಲೇಡಿಂಗ್‌ನಲ್ಲಿ ದಾಖಲಾಗುತ್ತದೆ. ರೋಲ್‌ಓವರ್‌ನಿಂದ ಒಂದು ದಿನ ದಾಟಿದರೂ ಬ್ಯಾಂಕು ದಾಖಲೆ ಒಪ್ಪದೆ ಹಿಡಿಯಬಹುದು. ಖರೀದಿದಾರ ದಯೆ ತೋರಿ ತಿದ್ದುಪಡಿಗೆ ಒಪ್ಪಬೇಕು, ಇಲ್ಲವೇ ವ್ಯಾಪಾರಿ ದರ ಇಳಿಸಬೇಕು. ಆಗ ವ್ಯಾಪಾರಿಯ ಸಿಟ್ಟು ಬೀಳುವುದು ಹಡಗಿನ ಮೇಲಲ್ಲ, ಕೈಗೆ ಸಿಗುವ ಬ್ರೋಕರ್ ಮೇಲೆ.

ಸರ್ಕಾರದ ಗಡುವೂ ಕಾಯುವುದಿಲ್ಲ

2021-22ರ ಹಂಗಾಮಿನಲ್ಲಿ ಭಾರತದಿಂದ ಸುಮಾರು 110 ಲಕ್ಷ ಟನ್ ಸಕ್ಕರೆ ರಫ್ತಾಯಿತು. ಅದು ಆವರೆಗಿನ ದಾಖಲೆ. ದೇಶದೊಳಗೆ ಬೆಲೆ ಏರೀತೆಂದು ಕೇಂದ್ರ ಸರ್ಕಾರ 2022ರ ಜೂನ್ 1ರಿಂದ ಸಕ್ಕರೆ ರಫ್ತಿಗೆ ಅಂಕುಶ ಹಾಕಿತು. ಅಲ್ಲಿಂದ ಮುಂದೆ ರಫ್ತು ಬಿಡುಗಡೆ ಆದೇಶವಿಲ್ಲದೆ ಚೀಲ ಹಡಗೇರುವಂತಿರಲಿಲ್ಲ. ಅಂಥ ಗಡುವು ಬಂದಾಗ ಎಲ್ಲ ಕಾರ್ಖಾನೆಯವರೂ ಒಮ್ಮೆಲೇ ಬಂದರಿಗೆ ಓಡುತ್ತಾರೆ, ಓಟವೇ ಬಂದರನ್ನು ಕಟ್ಟಿಹಾಕುತ್ತದೆ. 2023-24ರಲ್ಲಿ ಸಕ್ಕರೆ ರಫ್ತಿಗೆ ಅವಕಾಶವೇ ಸಿಗಲಿಲ್ಲ. 2025ರ ಜನವರಿಯಲ್ಲಿ ಮತ್ತೆ 10 ಲಕ್ಷ ಟನ್‌ಗೆ ಒಪ್ಪಿಗೆ ಬಂತು. ಒಂದು ವರ್ಷ ಕೈತುಂಬ ಕೆಲಸ, ಮರುವರ್ಷ ಕೈ ಖಾಲಿ. ಹೀಗಾದರೆ ಬ್ರೋಕರ್ ಕಚೇರಿ ನಂಬಿಕಸ್ಥ ಹುಡುಗರನ್ನು ಉಳಿಸಿಕೊಳ್ಳುವುದು ಹೇಗೆ?

ಈರುಳ್ಳಿಯ ಪಾಡು ಇನ್ನೂ ಕಠಿಣ. ಕೇಂದ್ರದ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಬಾಗಲಕೋಟೆ ಜಿಲ್ಲೆಗೆ ಸಿಕ್ಕಿದ್ದೇ ಈರುಳ್ಳಿ. 2023ರ ಆಗಸ್ಟ್ 19ರಂದು ಈರುಳ್ಳಿ ರಫ್ತಿನ ಮೇಲೆ ದಿಢೀರನೆ ಶೇ 40 ಸುಂಕ ಬಿತ್ತು. ಡಿಸೆಂಬರ್ 8ರಂದು ರಫ್ತನ್ನೇ ನಿಷೇಧಿಸಲಾಯಿತು. ಆಗ ದಾರಿಯಲ್ಲಿದ್ದ, ಗೇಟಿನಲ್ಲಿ ನಿಂತಿದ್ದ ಮಾಲಿನ ಗತಿ ಏನು? ನಿಯಮದ ಸಾಲು ಸಾಲು ಓದಿ, ಯಾವ ಕಂಟೈನರಿಗೆ ಹಳೆಯ ನಿಯಮ, ಯಾವುದಕ್ಕೆ ಹೊಸದು ಎಂದು ಹೇಳಬೇಕಾದವರು ಅದೇ ಬ್ರೋಕರ್‌ಗಳು. ಅವರು ಓದುವಷ್ಟರಲ್ಲಿ ಈರುಳ್ಳಿ ಮೊಳಕೆ ಬಿಡುತ್ತದೆ.

ಬಂದರಿನ ಬಿಸಿ ರಫ್ತುದಾರರಿಗಷ್ಟೇ ತಟ್ಟುವುದಿಲ್ಲ. ಕಬ್ಬಿಗೆ ಹಾಕುವ ಪೊಟ್ಯಾಷ್‌ಗೆ ನಾವು ಹೊರದೇಶವನ್ನೇ ನೆಚ್ಚಿದ್ದೇವೆ, ಡಿಎಪಿಯೂ ಬಹುಪಾಲು ಹೊರಗಿನದು. 2024ರಲ್ಲಿ ಡಿಎಪಿ ಹಡಗುಗಳು ಕೆಂಪು ಸಮುದ್ರ ಬಿಟ್ಟು ಗುಡ್‌ಹೋಪ್ ಭೂಶಿರ ಸುತ್ತಿ ಬರಬೇಕಾಗಿದ್ದರಿಂದ ಪೂರೈಕೆ ತಡವಾಯಿತೆಂದು ಕೇಂದ್ರ ಸರ್ಕಾರವೇ ಹೇಳಿತು. ಸೊಸೈಟಿಯ ಮುಂದೆ ಗೊಬ್ಬರಕ್ಕಾಗಿ ನಿಂತ ರೈತನೂ ಒಂದು ರೀತಿಯಲ್ಲಿ ಬಂದರಿನ ಸಾಲಿನಲ್ಲೇ ನಿಂತಿರುತ್ತಾನೆ.

ಲೈಸೆನ್ಸ್ ಅವರದು, ಭಾರವೂ ಅವರದು

ಕಸ್ಟಮ್ಸ್ ಬ್ರೋಕರ್ ಆಗುವುದು ಸುಲಭವಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 146ನೇ ಕಲಮಿನಡಿ ಲೈಸೆನ್ಸ್ ಬೇಕು, ಲಿಖಿತ ಮತ್ತು ಮೌಖಿಕ ಪರೀಕ್ಷೆ ಪಾಸಾಗಬೇಕು, ಠೇವಣಿ ಇಡಬೇಕು. 2018ರ ನಿಯಮಾವಳಿ ಪ್ರಕಾರ ಗಿರಾಕಿಯ ಗುರುತು, ಆಮದು-ರಫ್ತು ಕೋಡ್, ಜಿಎಸ್‌ಟಿ ಸಂಖ್ಯೆ, ಹೇಳಿದ ವಿಳಾಸದಲ್ಲೇ ವ್ಯವಹಾರ ನಡೆಯುತ್ತಿದೆಯೇ ಎಂಬುದನ್ನೆಲ್ಲ ಬ್ರೋಕರ್ ಖಾತ್ರಿ ಮಾಡಿಕೊಳ್ಳಬೇಕು. ತಪ್ಪಿದರೆ ದಂಡ, ಅಮಾನತು, ಕೊನೆಗೆ ಲೈಸೆನ್ಸ್ ರದ್ದು. ಸರಕಿನ ಪ್ರಾಮಾಣಿಕತೆಗೆ ಹೊಣೆ ಬೇಕು, ಸರಿ. ಆದರೆ ಕರ್ತವ್ಯಗಳ ಪಟ್ಟಿ ಇಷ್ಟು ಉದ್ದವಿರುವಾಗ, ಬಂದರು ಮುಚ್ಚಿದ ದಿನ ಅವರನ್ನು ಕಾಯುವ ಒಂದು ಸಾಲೂ ಅದರಲ್ಲಿಲ್ಲ.

ಹಣದ ಓಟವೂ ಅವರಿಗೆ ಎದುರಾಗಿಯೇ ಇದೆ. ಹಡಗು ಕಂಪನಿಗೆ ದುಡ್ಡು ಮೊದಲೇ ಕಟ್ಟಿದರೆ ಮಾತ್ರ ಬಿಲ್ ಆಫ್ ಲೇಡಿಂಗ್ ಸಿಗುತ್ತದೆ. ವ್ಯಾಪಾರಿಯಿಂದ ಬರುವುದು ತಿಂಗಳು, ಎರಡು ತಿಂಗಳು ಕಳೆದ ಮೇಲೆ. ನಡುವೆ ಬಂದ ಡಿಟೆನ್ಷನ್ ಬಿಲ್ಲನ್ನು ‘ಇದು ನಮ್ಮ ತಪ್ಪಲ್ಲ’ ಎಂದು ವ್ಯಾಪಾರಿ ತಳ್ಳಿಹಾಕಿದರೆ, ಚಿಕ್ಕ ಕಚೇರಿಯ ಫಾರ್ವರ್ಡರ್ ಸಾಲ ಮಾಡಿ ತೀರಿಸುತ್ತಾರೆ. ಈ ನಷ್ಟ ಅವರಲ್ಲೇ ಉಳಿಯುವುದಿಲ್ಲ. ಮುಂದಿನ ಸಲದ ದರದಲ್ಲಿ ಸೇರಿಕೊಂಡು, ಅಡತಿ ಅಂಗಡಿಯ ಸವಾಲಿನಲ್ಲಿ ಬೆಲ್ಲದ ಬೆಲೆ ತಗ್ಗಿಸುತ್ತದೆ.

ಆಗಬೇಕಾದದ್ದು

ಮೊದಲನೆಯದು, ಗೇಟು ಮುಚ್ಚಿದಾಗ ಗಡಿಯಾರವೂ ನಿಲ್ಲಬೇಕು. ಇದಕ್ಕೆ ಹೊಸ ತತ್ವವೇನೂ ಬೇಕಿಲ್ಲ. ಕಸ್ಟಮ್ಸ್ ಅಧಿಕಾರಿಗಳು ಪರಿಶೀಲನೆಗೆಂದು ತಡೆಹಿಡಿದ ಸರಕಿನ ದಾಖಲೆ ಸರಿಯಿದ್ದರೆ, ಹಡಗು ಕಂಪನಿ ಡಿಟೆನ್ಷನ್ ಕೇಳುವಂತಿಲ್ಲ ಎಂದು 2018ರ ಸಮುದ್ರ ಸರಕು ನಿಯಮಾವಳಿ ಆಗಲೇ ಹೇಳಿದೆ. ಕಸ್ಟಮ್ಸ್ ಮಾಡಿದ ತಡಕ್ಕೆ ಒಪ್ಪಿದ ನ್ಯಾಯವನ್ನು ಬಂದರು ಮಾಡಿದ ತಡಕ್ಕೂ ವಿಸ್ತರಿಸಿದರೆ ಸಾಕು. ಅಮೆರಿಕ 2022ರ ಜೂನ್‌ನಲ್ಲಿ ಸಾಗರ ಸಾಗಣೆ ಕಾಯ್ದೆಯನ್ನೇ ಸುಧಾರಿಸಿತು. ಅದರಡಿ 2024ರ ಮೇ 28ರಿಂದ ಜಾರಿಯಾದ ನಿಯಮದಂತೆ ಡಿಟೆನ್ಷನ್ ಬಿಲ್ಲನ್ನು 30 ದಿನದೊಳಗೆ ಕೊಡಬೇಕು, ಯಾವ ದಿನಕ್ಕೆ ಏಕೆ ಎಂದು ವಿವರ ಬರೆಯಬೇಕು. ನಮ್ಮಲ್ಲೂ ಅಷ್ಟಾದರೂ ಬರಲಿ.

ಎರಡನೆಯದು, ಫ್ರೀ ಡೇಸ್ ಕೊಡುವಾಗ ದೂರವನ್ನು ಲೆಕ್ಕಕ್ಕೆ ಹಿಡಿಯಬೇಕು. ಭಿವಂಡಿಗೂ ಬೀಳಗಿಗೂ ಒಂದೇ ಅಳತೆ ನ್ಯಾಯವಲ್ಲ. ಮೂರನೆಯದು, ಕುಡಚಿ ಮಾರ್ಗ ಮುಗಿಯುವಾಗ ಪ್ರಯಾಣಿಕರ ರೈಲಿನ ಜೊತೆಗೆ ಕಂಟೈನರ್ ತುಂಬುವ ಸೈಡಿಂಗ್ ಮತ್ತು ಕಸ್ಟಮ್ಸ್ ಕಚೇರಿಯುಳ್ಳ ಒಣ ಬಂದರೂ ಯೋಜನೆಯಲ್ಲಿ ಇರಬೇಕು. ಸಕ್ಕರೆ ಕಾರ್ಖಾನೆಗಳು, ಮುದ್ದಾಪುರದ ಸಿಮೆಂಟ್ ಕಾರ್ಖಾನೆ, ಬೆಲ್ಲ-ಅರಿಶಿಣದ ಪೇಟೆಗಳು ಒಂದೇ ಸೀಮೆಯಲ್ಲಿರುವಾಗ ರೈಲಿಗೆ ಸರಕಿನ ಕೊರತೆ ಆಗಲಾರದು. ನಮ್ಮ ಶಾಸಕರು, ಸಂಸದರು ಈ ಬೇಡಿಕೆಯನ್ನು ಈಗಲೇ ಹಿಡಿಯಬೇಕು. ಮಾರ್ಗ ಮುಗಿದ ಮೇಲೆ ಕೇಳಿದರೆ ಜಾಗವೂ ಸಿಗುವುದಿಲ್ಲ, ಹಣವೂ ಸಿಗುವುದಿಲ್ಲ.

ವ್ಯಾಪಾರಿಗಳ ಕೈಯಲ್ಲೂ ಕೆಲಸವಿದೆ. ಬುಕಿಂಗ್ ಮಾಡುವಾಗಲೇ ಫ್ರೀ ಡೇಸ್ ಎಷ್ಟೆಂದು ಬರಹದಲ್ಲಿ ಪಡೆಯಿರಿ. ಲೆಟರ್ ಆಫ್ ಕ್ರೆಡಿಟ್‌ನ ಹಡಗೇರುವ ದಿನಾಂಕಕ್ಕೆ ಎರಡು ವಾರ ಬಿಡುವು ಇಟ್ಟುಕೊಳ್ಳಿ. ಗೇಟು ಯಾವಾಗ ತೆರೆಯುತ್ತದೆಂದು ಖಾತ್ರಿಯಾಗುವ ಮುನ್ನ ಗಾಡಿ ಬಿಡಬೇಡಿ. ಬಂದರಿನ ತಡದಿಂದ ಬರುವ ಖರ್ಚು ಯಾರದೆಂದು ಬ್ರೋಕರ್ ಜೊತೆ ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ. ಜಗಳ ಅರ್ಧ ತಗ್ಗುತ್ತದೆ.

ಇದಕ್ಕಿಂತ ದೊಡ್ಡ ಆಸೆಯೊಂದಿದೆ. ಕಸ್ಟಮ್ಸ್ ಬ್ರೋಕರ್ ಪರೀಕ್ಷೆ ಪಾಸಾಗಿ, ಲೈಸೆನ್ಸ್ ಹಿಡಿದು, ಜಮಖಂಡಿ, ಬನಹಟ್ಟಿಯಲ್ಲೇ ಕಚೇರಿ ತೆರೆಯುವ ತರುಣ ತರುಣಿಯರು ನಮ್ಮ ಕಾಲೇಜುಗಳಿಂದ ಹೊರಬರಬೇಕು. ಬೆಲ್ಲದ ಗುಣ, ಈರುಳ್ಳಿಯ ಆಯುಷ್ಯ, ಇಲ್ಲಿನ ರೈತನ ಕಷ್ಟ ಬಲ್ಲವರು ಬಂದರಿನ ನಿಯಮವನ್ನೂ ಬಲ್ಲವರಾದರೆ ಪರರ ಬಾಯಿ ಕಾಯುವ ಕೆಲಸ ತಪ್ಪುತ್ತದೆ. ವಾಣಿಜ್ಯ ಪದವಿಯ ಕೊನೆಯ ವರ್ಷದಲ್ಲಿ ಶಿಪ್ಪಿಂಗ್ ಬಿಲ್ ಬರೆಯುವುದನ್ನು ಕಲಿಸಲು ದೊಡ್ಡ ಖರ್ಚೇನೂ ಬೇಕಿಲ್ಲ. ಕಾಲೇಜುಗಳು ಈ ವರ್ಷವೇ ಶುರು ಮಾಡಲಿ.